ಇಟಲಿಯಿಂದ ಶಿರಸಿಗೆ ಅಡುಗೆ ಸಾಮಾನು: ಯಾವುದು ತರೋದು, ಯಾವುದು ಬಿಡೋದು?

ಶಿರಸಿ_ಪೇಟೆ:
ಮೇ ಕೊನೆಗೆ ಬೊಲೊನ್ಯಾ, ಮೊದೆನಾ, ರೋಮ್ ಕಡೆ ಹೋಗೋದಿದೆ. ಚೀಸ್, ಬಾಲ್ಸಾಮಿಕ್ ವಿನೆಗರ್, ಆಲಿವ್ ಎಣ್ಣೆ, ಒಣ ಅಣಬೆ, ಪಾಸ್ತಾ ಹಿಟ್ಟು ತರುವ ಯೋಚನೆ. ಮನೆಯಲ್ಲಿ ಮೊಟ್ಟೆಯೂ ನಡೆಯೋದಿಲ್ಲ. ವಾಪಸ್ ಬರುವಾಗ ಇಲ್ಲಿ ಮಳೆಗಾಲ ಶುರುವಾಗಿರ್ತದೆ. ಯಾವುದು ತಾಳ್ತದೆ? ಕಸ್ಟಮ್ಸಿನಲ್ಲಿ ತೊಂದರೆ ಇದೆಯಾ?

ಕುಮಟಾ_ಅಡುಗೆಮನೆ:
ಮೊಟ್ಟೆಯೂ ಇಲ್ಲದ ಮನೆ ಅಂದ್ರೆ ಪಾರ್ಮಿಜಾನೊ ರೆಜ್ಜಾನೊ ಚೀಸ್ ಬಿಟ್ಟುಬಿಡಿ. ಅದರಲ್ಲಿರೋದು ಹಾಲು, ಉಪ್ಪು, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲು ಒಡೆಸಿ ಗಟ್ಟಿ ಮಾಡುವ ಕಿಣ್ವ), ಇಷ್ಟೇ. ಡಿಒಪಿ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತು) ನಿಯಮವೇ ಹಾಗೆ, ಬೇರೆ ರೆನೆಟ್ ಹಾಕಿದರೆ ಆ ಹೆಸರು ಇಟ್ಟು ಮಾರುವ ಹಾಗಿಲ್ಲ. ಗ್ರಾನಾ ಪದಾನೊದಲ್ಲೂ ಕರುವಿನದೇ, ಮೇಲಿಂದ ಸಾಮಾನ್ಯವಾಗಿ ಮೊಟ್ಟೆಯಿಂದ ತೆಗೆದ ಲೈಸೊಝೈಮ್ ಅನ್ನೋ ಸಂರಕ್ಷಕ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಪ್ಯಾಕೆಟ್ಟಿನ ಹಿಂದೆ ‘ಕಾಲ್ಯೊ ವೆಜೆತಾಲೆ’ (ಸಸ್ಯದ ರೆನೆಟ್) ಅಥವಾ ‘ಕಾಲ್ಯೊ ಮಿಕ್ರೊಬಿಕೊ’ (ಸೂಕ್ಷ್ಮಜೀವಿಯ ರೆನೆಟ್) ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ. ಬರೀ ‘ಕಾಲ್ಯೊ’ ಅಂತಿದ್ದರೆ ಪ್ರಾಣಿಯದೇ ಅಂತ ಲೆಕ್ಕ.

ಮೋಸ ಹೋಗೋದು ಚೀಸಿಗಿಂತ ಜಾಸ್ತಿ ಸಣ್ಣಪುಟ್ಟ ಸಾಮಾನಿನಲ್ಲಿ. ‘ಸ್ತ್ರುತ್ತೊ’ ಅಂದ್ರೆ ಹಂದಿ ಕೊಬ್ಬು. ಪಿಯಾದಿನಾ ರೊಟ್ಟಿ, ಕೆಲವು ಗ್ರಿಸ್ಸಿನಿ ಕಡ್ಡಿಗಳಲ್ಲಿ ಇರ್ತದೆ. ‘ಅಚ್ಚುಗೆ’, ‘ಅಲಿಚಿ’ ಎರಡೂ ಮೀನು, ಆಲಿವ್ ಕಾಯಿಯೊಳಗೆ ತುಂಬಿ ಮಾರ್ತಾರೆ. ತೊರ್ರೊನೆ ಮಿಠಾಯಿಗೆ ಮೊಟ್ಟೆಯ ಬಿಳಿ. ಪೆಸ್ತೊ ಚಟ್ನಿ ಬಾಟಲಿಗಳಲ್ಲಿ ಬಹುತೇಕ ಮೇಲಿನ ಚೀಸುಗಳೇ. ಮುಂದಿನ ಚಂದದ ಚಿತ್ರ ನೋಡಬೇಡಿ, ಹಿಂದಿನ ‘ಇಂಗ್ರೆದಿಯೆಂತಿ’ (ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ) ಸಾಲು ಓದಿ.

ಕಾರವಾರ_ಬಂದರು:
ಕಸ್ಟಮ್ಸಿನ ಘೋಷಣಾ ಫಾರ್ಮಿನಲ್ಲಿ ಮಾಂಸ, ಹಾಲಿನ ಉತ್ಪನ್ನ, ಬೀಜ-ಸಸಿ ಇವುಗಳಿಗೆ ಪ್ರತ್ಯೇಕ ಪ್ರಶ್ನೆ ಇದೆ. ಹಾಗಾಗಿ ಚೀಸ್ ಇದ್ದರೆ ‘ಇದೆ’ ಅಂತಲೇ ಬರೀಬೇಕು. ಅಧಿಕಾರಿ ಬೇಡ ಅಂದರೆ ಅಲ್ಲೇ ಬಿಟ್ಟು ಬರಬೇಕು, ಅದಕ್ಕೇ ಚೀಸಿಗೆ ಸಿಕ್ಕಾಪಟ್ಟೆ ದುಡ್ಡು ಸುರೀಬೇಡಿ. ಸಲಾಮಿ, ಪ್ರೊಶುತ್ತೊದಂಥ ಮಾಂಸ ತರುವ ಆಲೋಚನೆಯೇ ಬೇಡ. ತುಳಸಿ ಜಾತಿಯ ಬಜಿಲಿಕೊ ಬೀಜದ ಪ್ಯಾಕೆಟ್ಟೂ ಬೇಡ.

ಎಲ್ಲ ತಿನ್ನುವವರು ಯಾರಾದರೂ ಓದ್ತಿದ್ದರೆ: 24 ತಿಂಗಳು ಹಳೆಯದಾದ ಪಾರ್ಮಿಜಾನೊ, ಅರ್ಧ ಕಿಲೋದ ಎರಡು ತುಂಡು, ‘ಸೊತ್ತೊವುಓತೊ’ ಅಂದರೆ ಗಾಳಿ ತೆಗೆದು ಪ್ಯಾಕ್ ಮಾಡಿ ಕೊಡ್ತಾರೆ. ಒಂದೇ ಕಿಲೋ ತುಂಡು ತಂದರೆ ಒಡೆದ ಮೇಲೆ ಖರ್ಚಾಗೋದಿಲ್ಲ. ಫ್ರಿಜ್ಜಿನಲ್ಲಿ ತಿಂಗಳೊಪ್ಪತ್ತು ಅಷ್ಟೇ. ಒಳಗೆ ಬಿಳಿ ಹರಳು ಕಂಡರೆ ಹೆದರಬೇಡಿ, ಅದು ಟೈರೊಸಿನ್ ಅನ್ನೋ ಅಮೈನೋ ಆಮ್ಲ, ಹಳೆಯದಾದದ್ದರ ಗುರುತು.

ಶಿರಸಿ_ಪೇಟೆ:
ಧನ್ಯವಾದ. ಚೀಸ್ ಪಟ್ಟಿಯಿಂದ ಹೊಡೆದುಹಾಕಿದೆ. ಉಳಿದದ್ದು?

ಯಲ್ಲಾಪುರ_ಘಟ್ಟ:
ಪಾಸ್ತಾ ಹಿಟ್ಟು ಹೊತ್ತು ತರೋದು ದಂಡ. ಅವರ ಸೆಮೊಲಾ ಡ್ಯೂರಮ್ ಗೋಧಿಯದು, ನಮ್ಮ ಬನ್ಸಿ ರವೆಯೂ ಅದೇ ಜಾತಿ. ಮಿಕ್ಸಿಯಲ್ಲಿ ಇನ್ನೊಮ್ಮೆ ನುಣ್ಣಗೆ ಮಾಡಿ ಜರಡಿ ಹಿಡಿದರೆ, 100 ಗ್ರಾಮಿಗೆ 50 ಮಿ.ಲೀ. ಬೆಚ್ಚಗಿನ ನೀರು ಹಾಕಿ ಮೊಟ್ಟೆ ಇಲ್ಲದ ಒರೆಕ್ಯೆತ್ತೆ (ಪುಟ್ಟ ಕಿವಿಯಾಕಾರದ ಪಾಸ್ತಾ) ಮಾಡಬಹುದು. ಹತ್ತು ನಿಮಿಷ ನಾದಿ, ಅರ್ಧ ಗಂಟೆ ಮುಚ್ಚಿಡಬೇಕು, ಇಲ್ಲದಿದ್ದರೆ ಒತ್ತುವಾಗ ಬಿರುಕು ಬಿಡ್ತದೆ. ಅಲ್ಲಿಂದ ಕಾಳುಮೆಣಸು ತರುವವರೂ ಇದ್ದಾರಂತೆ, ಅದೂ ಶಿರಸಿಗೆ!

ಒಣ ಪೊರ್ಚಿನಿ ಅಣಬೆ ಮಾತ್ರ ತನ್ನಿ. ಟೊಪ್ಪಿಯೂ ಕಾಂಡವೂ ಸೇರಿದ ಅಗಲ ಹೋಳು, ಕೆನೆ ಬಣ್ಣ ಇರಲಿ. ಪ್ಯಾಕೆಟ್ ಅಲ್ಲಾಡಿಸಿ, ತಳದಲ್ಲಿ ಪುಡಿ ಬಿದ್ದಿದ್ದರೆ, ಹೋಳಿನಲ್ಲಿ ಸೂಜಿ ಚುಚ್ಚಿದಂಥ ತೂತಿದ್ದರೆ ಬಿಡಿ, ಹುಳ ತಿಂದದ್ದು. ಮನೆಗೆ ಬಂದ ಮೇಲೆ ಒಂದು ವಾರ ಫ್ರೀಜರಿನಲ್ಲಿಟ್ಟು, ಆಮೇಲೆ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಹೊರಗೆ ತೆಗೆದು ತಣ್ಣಗಿರುವಾಗಲೇ ಪ್ಯಾಕೆಟ್ ಒಡೆದರೆ ಮಳೆಗಾಲದ ಹವೆಗೆ ನೀರು ಕೂತು ಬೂಸ್ಟು ಬರ್ತದೆ. ನಾಲ್ಕು ಜನರ ರಿಜೊತ್ತೊಗೆ (ಇಟಲಿಯ ಅಕ್ಕಿ ಅಡುಗೆ) 25 ಗ್ರಾಮು ಸಾಕು. ನೆನೆಸಿದ ನೀರು ಚೆಲ್ಲಬೇಡಿ, ಮರಳಿರ್ತದೆ, ಬಟ್ಟೆಯಲ್ಲಿ ಸೋಸಿ ಹಾಕಿ.

ಉಪ್ಪಿನಲ್ಲಿಟ್ಟ ಪಾಂತೆಲ್ಲೆರಿಯಾ ದ್ವೀಪದ ಕೇಪರ್ ಮೊಗ್ಗೂ ಒಳ್ಳೇದು. ನಮ್ಮ ಉಪ್ಪಿಗೆ ಹಾಕಿದ ಮಿಡಿಯ ಹಾಗೆ, ಹೊರಗೇ ಇರ್ತದೆ. ಬಳಸುವಾಗ ತೊಳೆದು, ಎರಡು ಸಲ ನೀರು ಬದಲಿಸಿ ನೆನೆಸಿ.

ಕುಮಟಾ_ಅಡುಗೆಮನೆ:
ಬಾಲ್ಸಾಮಿಕ್‌ನಲ್ಲಿ ಎರಡು ಜಾತಿ. ‘ತ್ರಾದಿತ್ಸಿಯೊನಾಲೆ ದಿ ಮೊದೆನಾ ಡಿಒಪಿ’ ಬೇಯಿಸಿದ ದ್ರಾಕ್ಷಿರಸ ಮಾತ್ರ, ಕನಿಷ್ಠ 12 ವರ್ಷ ಪೀಪಾಯಿಯಲ್ಲಿ. ‘ಎಕ್ಸ್‌ತ್ರಾವೆಕ್ಯೊ’ ಆದರೆ 25. ಹನಿ ಲೆಕ್ಕದಲ್ಲಿ ಬಳಸುವಂಥದ್ದು, ಒಲೆಗೆ ಏರಿಸಬಾರದು. ಐಜಿಪಿ ಅನ್ನೋ ಇನ್ನೊಂದು ಗುರುತಿನದು ಅಂದರೆ ವೈನ್ ವಿನೆಗರ್ ಬೆರೆಸಿದ್ದು, 60 ದಿನಕ್ಕೇ ಬಾಟಲಿಗೆ ಬರಬಹುದು. ಕೋಸಂಬರಿಗೆ ಐಜಿಪಿ ಧಾರಾಳ ಸಾಕು. ಪಟ್ಟಿಯಲ್ಲಿ ‘ಮೊಸ್ತೊ’ (ದ್ರಾಕ್ಷಿರಸ) ಮೊದಲು, ‘ಅಚೆತೊ’ (ವಿನೆಗರ್) ಆಮೇಲೆ ಇರೋದನ್ನು ಆರಿಸಿ. ಟ್ರಫಲ್ (ನೆಲದಡಿಯ ಅಣಬೆ) ಎಣ್ಣೆ ಬೇಡವೇ ಬೇಡ, ಹೆಚ್ಚಿನವು ಕೃತಕ ವಾಸನೆ.

ಆಲಿವ್ ಎಣ್ಣೆ ಒಂದು ಲೀಟರಿನ ತಗಡಿನ ಡಬ್ಬಿಯಲ್ಲಿ ತಗೊಳ್ಳಿ, ಬೆಳಕೂ ತಾಗೋದಿಲ್ಲ, ಒಡೆಯೋದೂ ಇಲ್ಲ. ‘ಕಂಪಾನ್ಯಾ ಒಲೆಯಾರಿಯಾ’ ಅಂತ ಕೊಯ್ಲಿನ ವರ್ಷ ಬರೆದಿರೋದು ನೋಡಿ. ಕೊಯ್ಲು ಅಕ್ಟೋಬರ್-ನವೆಂಬರ್ ಸುಮಾರಿಗೆ, ಹಾಗಾಗಿ ಹಿಂದಿನ ಕೊಯ್ಲಿನದೇ ಬೇಕು. ಬೊಲೊನ್ಯಾದ ಕ್ವಾದ್ರಿಲಾತೆರೊ ಗಲ್ಲಿಗಳನ್ನು ನೋಡಿ ಖುಷಿಪಡಿ, ಖರೀದಿ ಕೋಪ್, ಕೊನಾದ್, ಎಸ್ಸೆಲುಂಗಾದಂಥ ಸೂಪರ್‌ಮಾರ್ಕೆಟ್ಟಿನಲ್ಲಿ ಮಾಡಿ.

ಕಾರವಾರ_ಬಂದರು:
ಎಣ್ಣೆ ಡಬ್ಬಿ ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಟ್ಟೆ ನಡುವೆ ಇಡಿ. ಮೊದೆನಾದ ಆ ಡಿಒಪಿ ಬಾಟಲಿ ಸರಿಯಾಗಿ 100 ಮಿ.ಲೀ., ಪಾರದರ್ಶಕ ಚೀಲದಲ್ಲಿ ಕೈಚೀಲಕ್ಕೇ ಹಾಕಬಹುದು.