ಡಿಮೆನ್ಷಿಯಾ ಇರುವವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಸರ್ಕಾರದ ದುಡ್ಡು: ನಿಮ್ಮ ಪ್ರಶ್ನೆಗಳಿಗೆ ಉತ್ತರ

(ಉತ್ತರಿಸುವವರು: ಹಿರಿಯರ ಆರೈಕೆ ಕ್ಷೇತ್ರದ ಸಮಾಜ ಕಾರ್ಯಕರ್ತೆ)

ಪ್ರಶ್ನೆ: ಮೇಡಂ, ಅಮ್ಮನಿಗೆ ಡಿಮೆನ್ಷಿಯಾ (ನೆನಪು, ತಿಳಿವಳಿಕೆ ಕುಂದುತ್ತಾ ಹೋಗುವ ಕಾಯಿಲೆ). ಅವರನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದೇನೆ. ನಮ್ಮಂಥವರಿಗೆ ಸರ್ಕಾರ ಏನಾದರೂ ಕೊಡಬೇಕು ಅಂದರೆ, "ಹೆತ್ತ ತಾಯಿಯನ್ನು ನೋಡಿಕೊಳ್ಳೋಕೂ ಸಂಬಳ ಬೇಕಾ?" ಅಂತ ನೆಂಟರೇ ಕೇಳುತ್ತಾರೆ. ನಾನು ಕೇಳೋದು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ. ಅಮ್ಮನ ಮೇಲಿನ ಪ್ರೀತಿಗೆ ನೀವು ಬೆಲೆ ಕೇಳುತ್ತಿಲ್ಲ. ಹೋದ ಸಂಬಳ, ಕಟ್ಟದೇ ಉಳಿದ ಪಿಂಚಣಿ ಕಂತು, ಕೆಟ್ಟ ನಿಮ್ಮ ಆರೋಗ್ಯ, ಇವನ್ನೆಲ್ಲ ಒಬ್ಬರೇ ಯಾಕೆ ಹೊರಬೇಕು ಅಂತ ಕೇಳುತ್ತಿದ್ದೀರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಡಿಮೆನ್ಷಿಯಾದಿಂದ ಜಗತ್ತಿಗೆ ಬಿದ್ದ ಹೊರೆ 1.3 ಲಕ್ಷ ಕೋಟಿ ಡಾಲರ್. ಅದರಲ್ಲಿ ಸುಮಾರು ಅರ್ಧ, ಮನೆಯವರು ಸಂಬಳವಿಲ್ಲದೆ ಮಾಡುವ ಆರೈಕೆಯ ಬೆಲೆ. ಅವರು ಸರಾಸರಿ ದಿನಕ್ಕೆ 5 ಗಂಟೆ ಇದಕ್ಕೇ ಕೊಡುತ್ತಾರೆ. ಆ ಗಂಟೆಗಳಲ್ಲಿ 70 ಶೇಕಡಾ ಹೆಂಗಸರದ್ದು. ಯಾವ ಬಜೆಟ್ಟಿನಲ್ಲೂ ಈ ಅರ್ಧ ಕಾಣುವುದಿಲ್ಲ. ನಿಮ್ಮಂಥವರು ದುಡಿಮೆ ಬಿಟ್ಟು, ನಿದ್ದೆ ಬಿಟ್ಟು ಅದನ್ನು ಭರಿಸುತ್ತಿದ್ದಾರೆ. ನೆಂಟರಿಗೆ ಇಷ್ಟು ಹೇಳಿ ಸಾಕು.

ಪ್ರಶ್ನೆ: ಬೇರೆ ದೇಶಗಳಲ್ಲಿ ನಿಜಕ್ಕೂ ಕೊಡುತ್ತಾರಾ? ಕೈಗೆ ದುಡ್ಡು ಕೊಟ್ಟರೆ ಒಳ್ಳೆಯದೋ, ಸೇವೆ ಕೊಟ್ಟರೆ ಒಳ್ಳೆಯದೋ?

ಉತ್ತರ: ಕೊಡುತ್ತಾರೆ, ಆದರೆ ದಾರಿ ಬೇರೆ ಬೇರೆ. ಜರ್ಮನಿಯಲ್ಲಿ 1995ರಿಂದ ಆರೈಕೆಗೆಂದೇ ಕಡ್ಡಾಯ ವಿಮೆ ಇದೆ. ಮನೆಯವರೇ ನೋಡಿಕೊಂಡರೆ ತಿಂಗಳು ತಿಂಗಳು ಭತ್ಯೆ ಬರುತ್ತದೆ. 2025ರಲ್ಲಿ ಅದು ಅವಲಂಬನೆಯ ಮಟ್ಟ ನೋಡಿಕೊಂಡು 347ರಿಂದ 990 ಯೂರೋವರೆಗೆ ಇತ್ತು. ಭತ್ಯೆ ಬರುವುದು ಕಾಯಿಲೆಯವರ ಹೆಸರಿಗೆ. ಅವರು ಅದನ್ನು ನೋಡಿಕೊಳ್ಳುವವರಿಗೆ ಕೊಡಬಹುದು.

ಜಪಾನ್ 2000ದಲ್ಲಿ ಇಂಥದ್ದೇ ವಿಮೆ ತಂದಿತು. ಆದರೆ ಮನೆಯವರಿಗೆ ನಗದು ಕೊಡಲಿಲ್ಲ, ಸೇವೆ ಮಾತ್ರ. ಕೈಗೆ ದುಡ್ಡು ಕೊಟ್ಟರೆ "ಹೇಗೂ ಸರ್ಕಾರ ಕೊಡ್ತಿದೆಯಲ್ಲ, ನೀನೇ ನೋಡ್ಕೋ" ಅಂತ ಸೊಸೆಯಂದಿರನ್ನೇ ಮನೆಯಲ್ಲಿ ಕೂರಿಸುತ್ತಾರೆ ಅಂತ ಅಲ್ಲಿನ ಮಹಿಳಾ ಸಂಘಟನೆಗಳು ವಾದಿಸಿದ್ದವು. ಆ ಭಯಕ್ಕೆ ಅರ್ಥವಿದೆ ಅಲ್ವಾ? ಬ್ರಿಟನ್ನಿನಲ್ಲಂತೂ 1976ರಲ್ಲಿ ಭತ್ಯೆ ಶುರುವಾದಾಗ ಗಂಡನ ಜೊತೆ ಇರುವ ಹೆಂಗಸರಿಗೆ ಅದು ಸಿಗುತ್ತಲೇ ಇರಲಿಲ್ಲ. ಅವರು ಹೇಗೂ ಮನೆಯಲ್ಲೇ ಇರುತ್ತಾರೆ ಎಂಬ ಲೆಕ್ಕ. ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಒಬ್ಬ ಮಗಳು ಯುರೋಪಿನ ನ್ಯಾಯಾಲಯದ ತನಕ ಹೋಗಿ ಗೆದ್ದ ಮೇಲೆ, 1986ರಲ್ಲಿ ಅದು ಬದಲಾಯಿತು.

ನನ್ನನ್ನು ಕೇಳಿದರೆ ಎರಡೂ ಬೇಕು. ಆದರೆ ಮೊದಲು ಬೇಕಾದದ್ದು ಬಿಡುವು. ಡಿಮೆನ್ಷಿಯಾದ ಬಗ್ಗೆ ತಿಳಿದಿರುವ ಒಬ್ಬರು ಮನೆಗೆ ಬಂದು ಕೂರಬೇಕು, ಇಲ್ಲವೇ ಹತ್ತಿರದಲ್ಲಿ ಡೇ ಕೇರ್ ಇರಬೇಕು. ನೀವು ಆ ಹೊತ್ತಿನಲ್ಲಿ ಮಲಗಬೇಕು, ನಿಮ್ಮದೇ ಡಾಕ್ಟರ ಹತ್ತಿರ ಹೋಗಿ ಬರಬೇಕು. ಅಂಥವರೇ ಸಿಗದ ಕಡೆ ಬರೀ ದುಡ್ಡು ಕೊಟ್ಟರೆ ಒಂದು ಗಂಟೆಯ ನಿದ್ದೆಯೂ ಸಿಗುವುದಿಲ್ಲ. ಅಮೆರಿಕದಲ್ಲಿ ಹಿರಿಯರಿಗೆಂದು ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2024ರ ಜುಲೈನಲ್ಲಿ ಶುರು ಮಾಡಿದ 'ಗೈಡ್' ಎಂಬ ಪ್ರಯೋಗ ಈ ದಾರಿ ಹಿಡಿದಿದೆ. ಯಾವಾಗ ಬೇಕಾದರೂ ಕರೆ ಮಾಡಬಹುದಾದ ಸಹಾಯವಾಣಿ, ಮನೆಯವರಿಗೆ ತರಬೇತಿ, ಕಾಯಿಲೆ ಸ್ವಲ್ಪ ಮುಂದುವರಿದವರ ಮನೆಗೆ ವರ್ಷಕ್ಕೆ 2,500 ಡಾಲರ್‌ವರೆಗಿನ ಬಿಡುವಿನ ಸೇವೆ.

ಪ್ರಶ್ನೆ: ಇದೆಲ್ಲ ಸರ್ಕಾರಕ್ಕೆ ದಂಡದ ಖರ್ಚು ಅನ್ನುವವರಿಗೆ ಏನು ಹೇಳೋಣ?

ಉತ್ತರ: ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿ. ಆಲ್‌ಝೈಮರ್ಸ್ (ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲಿ ಮುಖ್ಯವಾದದ್ದು) ಇರುವ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ 406 ಜನ ಅದರಲ್ಲಿದ್ದರು. ಅರ್ಧ ಜನಕ್ಕೆ ಆಪ್ತ ಸಲಹೆ, ಉಳಿದ ಕುಟುಂಬದವರನ್ನೂ ಕೂರಿಸಿಕೊಂಡು ಮಾತುಕತೆ, ಬೆಂಬಲ ಗುಂಪು, ಬೇಕೆಂದಾಗ ಫೋನಿನಲ್ಲಿ ನೆರವು ಸಿಕ್ಕಿತು. 2006ರಲ್ಲಿ ಬಂದ ಫಲಿತಾಂಶದಂತೆ, ಇವರ ಮನೆಯ ರೋಗಿಗಳು ಆರೈಕೆ ಕೇಂದ್ರ ಸೇರುವುದು ಸುಮಾರು ಒಂದೂವರೆ ವರ್ಷ ಮುಂದಕ್ಕೆ ಹೋಯಿತು. ಆರೈಕೆ ಕೇಂದ್ರದ ಒಂದೂವರೆ ವರ್ಷದ ಖರ್ಚು ಎಷ್ಟು, ನಾಲ್ಕಾರು ಸಲ ಕೂತು ಮಾತಾಡುವ ಖರ್ಚು ಎಷ್ಟು, ಅವರೇ ಲೆಕ್ಕ ಹಾಕಲಿ.

ಪ್ರಶ್ನೆ: ನಮ್ಮ ಮಾವನವರಿಗೆ ಭತ್ಯೆಗೆ ಅರ್ಜಿ ಹಾಕಿದ್ದೆವು. ತಪಾಸಣೆಗೆ ಬಂದವರು "ನಡೀತಾರೆ, ತಾವೇ ಊಟ ಮಾಡ್ತಾರೆ, ಚೆನ್ನಾಗೇ ಇದ್ದಾರಲ್ಲ" ಅಂತ ಬರೆದುಕೊಂಡು ಹೋದರು. ರಾತ್ರಿಯೆಲ್ಲ ಬಾಗಿಲು ಕಾಯುವವಳು ನಾನು.

ಉತ್ತರ: ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ. ಹಳೇ ಅರ್ಜಿಗಳು ಎತ್ತುವುದು, ತೊಳೆಯುವುದು, ತಿನ್ನಿಸುವುದನ್ನು ಮಾತ್ರ ಎಣಿಸುತ್ತವೆ. ಡಿಮೆನ್ಷಿಯಾದಲ್ಲಿ ಕೈಕಾಲು ಸರಿಯಿರುತ್ತದೆ, ಮುಂದೇನು ಮಾಡಬೇಕು ಅನ್ನುವುದು ಹೋಗಿರುತ್ತದೆ. ತುತ್ತು ಬಾಯಿಗೆ ಇಡುವುದು ಅವರೇ. ಆದರೆ "ಈಗ ತಗೊಳ್ಳಿ, ಅಗಿಯಿರಿ, ನುಂಗಿ" ಅಂತ ಪಕ್ಕದಲ್ಲಿ ಕೂತು ಹೇಳುವುದು ನೀವು. ಅಂಗಿ ಹಾಕಿಕೊಳ್ಳುವುದು ಅವರೇ, ಆದರೆ ಒಂದರ ಮೇಲೆ ಮೂರು. ಗ್ಯಾಸ್ ಆನ್ ಆಗಿದೆಯಾ, ಚಿಲಕ ತೆಗೆದರಾ ಅಂತ ನಿಮ್ಮ ಕಿವಿ ಸದಾ ಅತ್ತಲೇ. "ಕಾಯುವುದು" ಅನ್ನುವುದಕ್ಕೆ ಆ ಅರ್ಜಿಯಲ್ಲಿ ಜಾಗವೇ ಇಲ್ಲ.

ಜರ್ಮನಿಯಲ್ಲೂ ಹೀಗೇ ಇತ್ತು. ದೇಹದ ಆರೈಕೆಗೆ ಎಷ್ಟು ನಿಮಿಷ ಬೇಕು ಅನ್ನುವುದೇ ಮುಖ್ಯ ಅಳತೆ. ಡಿಮೆನ್ಷಿಯಾದವರಿಗೆ ಮಧ್ಯೆ ಮಧ್ಯೆ ಸಣ್ಣಪುಟ್ಟ ತೇಪೆ ಹಾಕಿದ್ದರು. 2017ರಲ್ಲಿ ಅಳತೆಯನ್ನೇ ಬದಲಿಸಿದರು. ಅವಲಂಬನೆಯ ಮೂರು ಹಂತ ಹೋಗಿ ಐದಾಯಿತು. ನೆನಪು, ತಿಳಿವಳಿಕೆ, ನಡವಳಿಕೆ, ರಾತ್ರಿಯ ಚಡಪಡಿಕೆ ಎಲ್ಲಕ್ಕೂ ಅಂಕ ಬಂತು. ಎಲ್ಲ ಕಡೆಯೂ ನಾವು ಗಟ್ಟಿಯಾಗಿ ಕೇಳಬೇಕಾದದ್ದು ಇದನ್ನು.

ಸದ್ಯಕ್ಕೆ ಮರುಪರಿಶೀಲನೆಗೆ ಅರ್ಜಿ ಹಾಕಿ. ಅದಕ್ಕೆ ಮುಂಚೆ ಎರಡು ವಾರ ಒಂದು ಪುಸ್ತಕದಲ್ಲಿ ಗಂಟೆ ಸಮೇತ ಬರೆದಿಡಿ. "ತುಂಬಾ ಕಷ್ಟ" ಅಂತ ಬರೆಯಬೇಡಿ. "ರಾತ್ರಿ 2.10, ಬಾಗಿಲು ತೆಗೆದು ಹೊರಟರು, ಮತ್ತೆ ಮಲಗಿಸಲು 40 ನಿಮಿಷ" ಹೀಗಿರಲಿ. ಹೊಸಬರು ಬಂದಾಗ ಡಿಮೆನ್ಷಿಯಾ ಇರುವವರು ಎಷ್ಟೋ ಸಲ ತುಂಬಾ ಚೆನ್ನಾಗಿ ಮಾತಾಡಿಬಿಡುತ್ತಾರೆ. ಅದಕ್ಕೇ ನೀವು ಪುಸ್ತಕದಲ್ಲಿ ಬರೆದಿಟ್ಟದ್ದರ ಪ್ರತಿ ಬಂದವರ ಕೈಗೆ ಕೊಡಿ. ಮಾವನವರ ಮುಂದೆ ಎಲ್ಲವನ್ನೂ ಜೋರಾಗಿ ಹೇಳಬೇಡಿ, ಅವರಿಗೆ ಅವಮಾನ ಆಗುತ್ತದೆ. ಬೇರೆ ಕೋಣೆಯಲ್ಲಿ ಐದು ನಿಮಿಷ ಮಾತಾಡಬೇಕು ಅಂತ ಕೇಳಿ.

ಪ್ರಶ್ನೆ: ಹೆಂಡತಿಯನ್ನು ನೋಡಿಕೊಳ್ಳುತ್ತಿರುವ ನಿವೃತ್ತ ನಾನು. ನನ್ನಂಥವರಿಗೂ ಭತ್ಯೆ ಇರುತ್ತದೆಯೇ?

ಉತ್ತರ: ಸರ್, ಬಹಳ ಕಡೆ ಬಿಟ್ಟುಹೋಗುವವರು ನೀವೇ. ಬ್ರಿಟನ್ನಿನಲ್ಲಿ ವಾರಕ್ಕೆ 35 ಗಂಟೆ ಆರೈಕೆ ಮಾಡಿದರೆ ಭತ್ಯೆ ಉಂಟು. ಆದರೆ ವಯಸ್ಸಾದವರಿಗೆ ಸರ್ಕಾರ ಕೊಡುವ ಪಿಂಚಣಿ ಅದಕ್ಕಿಂತ ಜಾಸ್ತಿ ಇದ್ದರೆ ಭತ್ಯೆ ಕೈಗೆ ಬರುವುದಿಲ್ಲ. ದುಡಿಯುವವರಿಗೂ ಅಲ್ಲಿ ಒಂದು ತೊಡಕಿದೆ. ಗಳಿಕೆಗೆ ಒಂದು ಮಿತಿ ಇದೆ, 2025ರ ಏಪ್ರಿಲ್‌ನಲ್ಲಿ ಅದು ವಾರಕ್ಕೆ 196 ಪೌಂಡ್ ಆಗಿತ್ತು. ಆ ಮಿತಿಯನ್ನು ಒಂದು ಪೌಂಡ್ ದಾಟಿದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ಇಂಥ ನಿಯಮ ಮಾಡಬಾರದು. ನಿಮ್ಮ ವಯಸ್ಸಿನವರಿಗೆ ನಾನು ಕೇಳುವುದು ಮನೆಗೆ ಬರುವ ಸಹಾಯ, ರಾತ್ರಿಯ ಸಹಾಯ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಹಾಗಾದರೆ ನನ್ನಂಥವರು ಮನವಿ ಬರೆಯುವುದಾದರೆ ಏನು ಸೇರಿಸಬೇಕು?

ಉತ್ತರ: ಬಿಡುವಿನ ಸೇವೆ, ಕಾಯುವುದನ್ನೂ ಎಣಿಸುವ ಅಳತೆ, ಇವೆರಡು ಮೇಲೆ ಬಂದವು. ಇನ್ನೊಂದನ್ನು ಮರೀಬೇಡಿ: ನಿಮ್ಮ ಪಿಂಚಣಿ. ಜರ್ಮನಿಯಲ್ಲಿ ವಾರಕ್ಕೆ ಕನಿಷ್ಠ 10 ಗಂಟೆ ಆರೈಕೆ ಮಾಡುತ್ತಾ, ಹೊರಗಿನ ಕೆಲಸ 30 ಗಂಟೆ ಮೀರದಿದ್ದರೆ, ಆರೈಕೆ ವಿಮೆಯೇ ನಿಮ್ಮ ಹೆಸರಲ್ಲಿ ಪಿಂಚಣಿ ಕಂತು ಕಟ್ಟುತ್ತದೆ. ಇಂದು ಅಮ್ಮನಿಗಾಗಿ ಕೆಲಸ ಬಿಟ್ಟವರು ನಾಳೆ ಬರಿಗೈಯಲ್ಲಿ ಮುದುಕರಾಗಬಾರದು. ಮನವಿಯ ಕರಡು ಬರೆದು ಇಲ್ಲೇ ಹಾಕಿ, ತಿದ್ದಿಕೊಡುತ್ತೇನೆ.