ಲಾನಿನಲ್ಲಿ ಎದ್ದಿರೋದು ಒಂದೆಲಗನಾ, ವಯಲೆಟ್ಟಾ?

ಸಾಗರದ ಸೊಸೆ:
ನಾವಿರೋದು ನ್ಯೂಜೆರ್ಸಿಯಲ್ಲಿ. ಏಪ್ರಿಲ್ ಬಂತು ಅಂದ್ರೆ ಹಿತ್ತಲಿನ ಹುಲ್ಲಿನ ಮಧ್ಯೆ ಹೃದಯದ ಆಕಾರದ ಎಲೆ, ನೇರಳೆ ಹೂವು. ಈ ಸಲ ಅತ್ತೆ ಊರಿಂದ ಬಂದಿದ್ದಾರೆ. ಎಲೆ ನೋಡಿದ್ದೇ ತಡ, ‘ಇದು ಒಂದೆಲಗ ಕಣೇ, ತಂಬುಳಿ ಮಾಡ್ತೀನಿ’ ಅಂತ ಒಂದು ಬೊಗಸೆ ಕಿತ್ತು ತಂದು ತೊಳೆದೂ ಇಟ್ಟಿದ್ದಾರೆ. ಒಂದೆಲಗ ಹೀಗೆ ನೇರಳೆ ಹೂ ಬಿಡಲ್ಲ ಅಲ್ವಾ? ಬೇಗ ಹೇಳಿ, ಆಗಲೇ ಕಾಯಿ ತುರೀತಿದ್ದಾರೆ.

ಹಿತ್ತಲಗಿಡ:
ಒಂದೆಲಗ ಅಲ್ಲ. ಅದು ನೆಲದ ಮೇಲೆ ಬಳ್ಳಿ ಹರಿದು ಗಿಣ್ಣುಗಿಣ್ಣಿಗೂ ಬೇರು ಬಿಡುತ್ತೆ, ಎಲೆಯ ತುದಿ ದುಂಡಗೆ, ಹೂವಂತೂ ಹುಡುಕಿದರೆ ಮಾತ್ರ ಸಿಗುತ್ತೆ. ನಿಮ್ಮದು ಕಾಮನ್ ಬ್ಲೂ ವಯಲೆಟ್ ಇರಬೇಕು, ವಯೋಲಾ ಸೊರೋರಿಯಾ. ನಿಮ್ಮ ರಾಜ್ಯದ ಹೂವೇ ಅದು. ಒಂದು ಗಿಡ ಬೇರುಸಮೇತ ಕಿತ್ತು ನೋಡಿ. ಎಲೆ ತೊಟ್ಟು, ಹೂವಿನ ತೊಟ್ಟು ಎರಡೂ ಶುಂಠಿ ಚೂರಿನಂಥ ಗಡ್ಡೆಯಿಂದ ನೇರ ಎದ್ದಿರಬೇಕು, ನಡುವೆ ಕಾಂಡ ಇರಬಾರದು. ಐದು ದಳದಲ್ಲಿ ಅಕ್ಕಪಕ್ಕದ ಎರಡಕ್ಕೆ ಬುಡದಲ್ಲಿ ಬಿಳಿ ರೋಮ, ಕೆಳಗಿನದು ಬೋಳು. ಎಳೆ ಎಲೆ ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿಕೊಂಡಿರುತ್ತೆ.

ಮಳೆನಾಡಿಗ:
ನೀರು ನಿಲ್ಲೋ ಜಾಗ ಆದ್ರೆ ಮಾರ್ಷ್ ಬ್ಲೂ ವಯಲೆಟ್ ಕೂಡ ಇರಬಹುದು. ಅದರ ಹೂವು ಎಲೆಗಿಂತ ಸಾಕಷ್ಟು ಮೇಲೆ ನಿಂತಿರುತ್ತೆ, ರೋಮದ ತುದಿ ಬೆಂಕಿಕಡ್ಡಿ ತಲೆಯ ಹಾಗೆ ದಪ್ಪ, ಅದಕ್ಕೆ ಲೆನ್ಸ್ ಬೇಕು. ಘಮ ಇದ್ದು ಬಳ್ಳಿ ಹರಿದಿದ್ರೆ ಯುರೋಪಿನ ಸ್ವೀಟ್ ವಯಲೆಟ್. ಇವುಗಳ ಎಲೆ, ಹೂವು ತಿನ್ನಬಹುದು, ಗಡ್ಡೆ ಮಾತ್ರ ಬೇಡ. ನಿಜವಾಗಿ ಹುಷಾರಾಗಿರಬೇಕಾದ್ದು ಲೆಸ್ಸರ್ ಸೆಲಂಡೈನ್ ವಿಷಯದಲ್ಲಿ. ಅದರ ಎಲೆಯೂ ಹೃದಯದ ಆಕಾರವೇ, ಆದರೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ, ಹೂವು ಹಳದಿ. ಹಸಿ ತಿಂದರೆ ವಿಷ. ಬೊಗಸೆಯಲ್ಲಿ ಒಂದೆರಡು ಸೇರಿದೆಯಾ ನೋಡಿ. ಅಂದಹಾಗೆ ಲಾನಿಗೆ ಔಷಧಿ ಹೊಡೆಸಿದ್ರಾ?

ಸಾಗರದ ಸೊಸೆ:
ಗಡ್ಡೆ ಇದೆ, ರೋಮ ಇದೆ, ಹಳದಿ ಹೂವಿಲ್ಲ. ಆದರೆ ಕಳೆಗೆ ಹೋದ ವಾರ ತಾನೇ ಔಷಧಿ ಹೊಡೆಸಿದ್ವಿ! ಎಲೆ ಎಲ್ಲ ಕಸಕ್ಕೆ ಹೋಯ್ತು. ಆದರೂ ಈ ಗಿಡಕ್ಕೆ ಏನೂ ಆಗಿಲ್ವಲ್ಲ?

ಹಿತ್ತಲಗಿಡ:
ಅದು ಅಷ್ಟು ಸುಲಭಕ್ಕೆ ಹೋಗಲ್ಲ. ಗಡ್ಡೆಯಿಂದ ಮತ್ತೆ ಚಿಗುರುತ್ತೆ. ಸಾಲದ್ದಕ್ಕೆ ಬೇಸಿಗೆಯಲ್ಲಿ ಎಲೆಯ ಬುಡದಲ್ಲಿ ಬಾಯೇ ಬಿಡದ ಮೊಗ್ಗು ಬರುತ್ತವೆ, ಅವು ಅರಳದೆಯೇ ಬೀಜ ಕಟ್ಟಿ ಸಿಡಿಸುತ್ತವೆ. ಆ ಬೀಜ ಇರುವೆ ಹೊತ್ತುಕೊಂಡು ಹೋಗುತ್ತೆ. ಔಷಧಿ ದುಡ್ಡು ಸುಮ್ನೆ ದಂಡ.

ಸಾಗರದ ಸೊಸೆ:
ಅತ್ತೆಗೆ ಹೇಳಿದೆ. ಈಗ ಮೆಂತ್ಯ ಹುರೀತಿದ್ದಾರೆ.