ಡಯಾಲಕ್ಸ್ ಸಾಫ್ಟ್‌ವೇರ್ 520 ಲಕ್ಸ್ ಅಂತು, ಓದುವ ಕೋಣೆಯಲ್ಲಿ ಅಷ್ಟು ಬೆಳಕಿಲ್ಲ. ತಪ್ಪು ಎಲ್ಲಿದೆ?

ಜೇವರ್ಗಿ_ರೋಡ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಸಣ್ಣಪುಟ್ಟ ಇಂಟೀರಿಯರ್ ಕೆಲಸ ಮಾಡುತ್ತೇನೆ, ಲೈಟಿಂಗ್ ಲೆಕ್ಕವನ್ನೂ ನಾನೇ ಹಾಕುತ್ತೇನೆ. ಮೊನ್ನೆ ಜೇವರ್ಗಿ ರಸ್ತೆಯಲ್ಲಿ ಒಂದು ಓದುವ ಕೋಣೆ ಮಾಡಿಕೊಟ್ಟೆ. ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು ತಿಂಗಳ ಬಾಡಿಗೆ ಕೊಟ್ಟು ಬೆಳಿಗ್ಗೆಯಿಂದ ರಾತ್ರಿ ಹನ್ನೊಂದರವರೆಗೆ ಕೂರುವ ಜಾಗ. 12 ಮೀಟರ್ ಉದ್ದ, 8 ಮೀಟರ್ ಅಗಲ, ಫಾಲ್ಸ್ ಸೀಲಿಂಗ್ 3 ಮೀಟರಿಗೆ. ಎರಡಡಿ ಚೌಕದ 36 ವ್ಯಾಟ್ ಎಲ್‌ಇಡಿ ಪ್ಯಾನೆಲ್ 20 ಹಾಕಿದ್ದೇವೆ.

ಇಷ್ಟು ವರ್ಷ ಬೆಳಕಿನ ಲೆಕ್ಕ ಹಾಕುವ ಡಯಾಲಕ್ಸ್‌ನ ಹಳೆಯ 4.13ರಲ್ಲೇ ಕೆಲಸ ಮಾಡುತ್ತಿದ್ದೆ, ಈ ಸಲ ಮೊದಲ ಬಾರಿ ಅದರ ಹೊಸ ಆವೃತ್ತಿ ಇವೊದಲ್ಲಿ ಮಾಡಿದೆ. ಟೇಬಲ್ ಮಟ್ಟದಲ್ಲಿ ಸರಾಸರಿ 520 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬಂತು. ಯುರೋಪಿನ ಬೆಳಕಿನ ಮಾನದಂಡ ಇಎನ್ 12464-1 ಲೈಬ್ರರಿಯಲ್ಲಿ ಓದುವ ಜಾಗಕ್ಕೆ 500 ಕೇಳುತ್ತೆ, ಹಾಗಾಗಿ ಖುಷಿಯಾಗಿ ಮಾಲೀಕರಿಗೆ ಬಣ್ಣದ ಚಿತ್ರ ತೋರಿಸಿ ಒಪ್ಪಿಗೆ ತಗೊಂಡೆ. ಈಗ ಹುಡುಗರು ಕಣ್ಣು ನೋಯುತ್ತೆ ಅಂತಿದ್ದಾರೆ. ಮೊಬೈಲ್ ಆ್ಯಪಿನಲ್ಲಿ ನೋಡಿದರೆ 310. ನಿನ್ನೆ ಮಾಲೀಕರು ಬಂದು, "ಫೋಟೋದಾಗ ಇದ್ದ ಬೆಳಕು ಇಲ್ಲಿ ಎಲ್ಲದರೀ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಎರಡು. ಹೊಸ ಆವೃತ್ತಿಯ ಲೆಕ್ಕವೇ ಜಾಸ್ತಿ ತೋರಿಸುತ್ತಾ? ಹೈದರಾಬಾದಿನ ಗೆಳೆಯ ದುಡ್ಡು ಕೊಟ್ಟು ಎಜಿಐ32 ಸಾಫ್ಟ್‌ವೇರ್ ತಗೋ, ಇಲ್ಲಾ ಕಟ್ಟಡ ವಿನ್ಯಾಸದ ರೆವಿಟ್ ಒಳಗೇ ಲೆಕ್ಕ ಮಾಡುವ ಎಲಮ್‌ಟೂಲ್ಸ್ ತಗೋ ಅಂತಾನೆ, ಅದಕ್ಕೆ ಹೋದರೆ ಸರಿಹೋಗುತ್ತಾ? ಇನ್ನೊಂದು, ಕೋಣೆಗೆ ಉತ್ತರಕ್ಕೂ ಪಶ್ಚಿಮಕ್ಕೂ ದೊಡ್ಡ ಕಿಟಕಿ ಇವೆ. ಹಗಲಲ್ಲಿ ಅರ್ಧ ಲೈಟ್ ಆರಿಸಬಹುದಾ ಅಂತ ಮಾಲೀಕರು ಕೇಳಿದ್ದಾರೆ. ಅದನ್ನು ಇವೊದಲ್ಲಿ ನಂಬಬಹುದಾ?

ಬೀದರ್_ಎಲೆಕ್ಟ್ರಿಕಲ್:

ಮೊದಲು ಒಂದು ಮಾತು ತಮ್ಮಾ, ನಿನ್ನ ಕೊರತೆ ನೀನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಇವೊದಲ್ಲಿ ಮೇಂಟೆನೆನ್ಸ್ ಫ್ಯಾಕ್ಟರ್ ಅಂತ ಇರುತ್ತೆ, ಮುಟ್ಟದೆ ಬಿಟ್ಟರೆ 0.8. ಅಂದರೆ ಮುಂದೆ ಧೂಳು ಕೂತು, ಎಲ್‌ಇಡಿ ಹಳೆಯದಾದ ಮೇಲೆ ಉಳಿಯುವ ಬೆಳಕು 520. ಹೊಸದಾಗಿ ಹಾಕಿದ ದಿನ ಲಕ್ಸ್ ಮೀಟರ್ 520 ಭಾಗಿಸು 0.8, ಅಂದರೆ 650 ತೋರಿಸಬೇಕು. ನಿನಗೆ ಬಂದಿರುವುದು 310, ಅರ್ಧಕ್ಕಿಂತ ಕಡಿಮೆ. ಇಷ್ಟು ವ್ಯತ್ಯಾಸ ಸಾಫ್ಟ್‌ವೇರಿನಿಂದ ಬರಲ್ಲ. ಅದೇ ಫೈಲ್ ಎಜಿಐ32ಕ್ಕೆ ಕೊಟ್ಟರೂ, ರಿಲಕ್ಸ್‌ಗೆ ಕೊಟ್ಟರೂ ಹತ್ತಿರ ಹತ್ತಿರ ಅದೇ ಬರುತ್ತೆ. ದುಡ್ಡು ಉಳಿಸಿಕೊ.

ಮೊಬೈಲ್ ಆ್ಯಪ್ ಬಿಡು. ಫೋನಿನ ಸೆನ್ಸರ್ ಇರುವುದು ಪರದೆ ಮಂಕು ಮಾಡಲಿಕ್ಕೆ, ಅಳತೆಗೆ ಅಲ್ಲ. ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಿಂದ ಲಕ್ಸ್ ಮೀಟರ್ ಒಂದು ರಾತ್ರಿಗೆ ಕೇಳಿ ತಾ. ಕತ್ತಲಾದ ಮೇಲೆ ಅಳೆ. ಲೈಟ್ ಹಾಕಿ ಅರ್ಧ ಗಂಟೆ ಬಿಡು. ಟೇಬಲ್ ಎತ್ತರಕ್ಕೆ ಮೀಟರ್ ಇಟ್ಟು ನೀನು ದೂರ ಸರಿ, ನಿನ್ನ ನೆರಳೇ ಬಿದ್ದರೆ ಸುಮ್ನೆ ತಪ್ಪು ಅಂಕಿ ಬರುತ್ತೆ. ಒಂದೆರಡು ಕಡೆ ಅಲ್ಲ, 20 ಕಡೆ ಅಳೆದು ಸರಾಸರಿ ತೆಗಿ.

ಆಮೇಲೆ ಪ್ಯಾನೆಲ್. ಡಬ್ಬಿ ಮೇಲೆ 36 ಅಂತ ಬರೆದಿದೆ, ನಿಜಕ್ಕೂ ಅಷ್ಟು ಎಳೆಯುತ್ತಾ? ಮೀಟರ್ ಬೋರ್ಡಿಗೆ ಹೋಗು. ಫ್ಯಾನು, ವೈಫೈ, ನೀರಿನ ಮಷೀನು ಎಲ್ಲ ಆಫ್ ಮಾಡಿ ಬರೀ ಈ 20 ಪ್ಯಾನೆಲ್ ಹಚ್ಚು. ಮೀಟರಿನಲ್ಲಿ ಕೆಂಪು ದೀಪ ಮಿಣುಕುತ್ತೆ ನೋಡು, ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತೆ, 1600 ಅಥವಾ 3200. ಒಂದು ನಿಮಿಷ ಎಣಿಸಿ ಇಲ್ಲಿ ಹಾಕು.

ಮತ್ತೆ ಐಇಎಸ್ ಫೈಲ್, ಅಂದರೆ ದೀಪದ ಬೆಳಕು ಹೇಗೆ ಹರಡುತ್ತೆ ಅಂತ ಕಂಪನಿ ಕೊಡುವ ಫೈಲ್, ಯಾವುದರದ್ದು ಹಾಕಿದ್ದೆ, ನೀನು ಹಾಕಿದ ಪ್ಯಾನೆಲ್‌ದೇನಾ?

ಜೇವರ್ಗಿ_ರೋಡ್:

ಅಣ್ಣಾ, ನಿಜ ಹೇಳುತ್ತೇನೆ. ನಮ್ಮ ಡೀಲರ್ ಹತ್ತಿರ ಐಇಎಸ್ ಫೈಲ್ ಇರಲಿಲ್ಲ. ಇದೇ ಅಳತೆಯ, ಇದೇ ವ್ಯಾಟಿನ ಒಂದು ದೊಡ್ಡ ಕಂಪನಿಯ ಫೈಲ್ ಹಾಕಿ ಲೆಕ್ಕ ಮಾಡಿದೆ. ಅದರಲ್ಲಿ ಒಂದು ಪ್ಯಾನೆಲ್ ಕೊಡುವ ಒಟ್ಟು ಬೆಳಕು 3600 ಲ್ಯೂಮೆನ್ ಅಂತ ಇತ್ತು. ಮೀಟರ್ ತಂದು ಎರಡು ದಿನದಲ್ಲಿ ಹೇಳುತ್ತೇನೆ.

ಶಹಾಬಾದ್_ಕಲ್ಲು:

ಫೈಲ್ ವಿಷಯ ಬಂದೇ ಬಿಡ್ತು ಅಲ್ವಾ. ಡಯಾಲಕ್ಸ್ ಮಾಡುವ ಜರ್ಮನಿಯ ಡಿಐಎಎಲ್‌ನವರೂ ಸ್ವಿಟ್ಜರ್ಲೆಂಡಿನ ರಿಲಕ್ಸ್‌ನವರೂ ಸೇರಿ ಜಿಎಲ್‌ಡಿಎಫ್ ಅಂತ ಹೊಸ ಫೈಲ್ ಮಾದರಿ ತಂದಿದ್ದಾರೆ. ಐಇಎಸ್‌ನಲ್ಲಿ ಮುಖ್ಯವಾಗಿ ಬೆಳಕು ಯಾವ ಕಡೆ ಎಷ್ಟು ಹೋಗುತ್ತೆ ಅಂತ ಮಾತ್ರ ಇರುತ್ತೆ. ಜಿಎಲ್‌ಡಿಎಫ್‌ನಲ್ಲಿ ದೀಪದ 3ಡಿ ಆಕಾರ, ಬೇರೆ ಬೇರೆ ಮಾದರಿಗಳು, ಸೆನ್ಸರಿನ ಮಾಹಿತಿ ಎಲ್ಲ ಒಂದೇ ಫೈಲಿನಲ್ಲಿ ಬರುತ್ತೆ. ಒಳ್ಳೆಯದೇ. ಆದರೆ ನಮ್ಮ ಗಂಜ್ ಕಡೆ ಅಂಗಡಿಗೆ ಬರುವ ಪ್ಯಾನೆಲ್ಲಿಗೆ ಐಇಎಸ್ ಫೈಲೇ ಇಲ್ಲದಿದ್ದರೆ ಹೊಸ ಫೈಲ್ ತಗೊಂಡು ಏನು ಮಾಡೋದು. ಫೈಲ್ ಕೊಡದವರ ದೀಪ ತಗೋಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಇದನ್ನು ಬಿಲ್ಲಿಗಿಂತ ಮೊದಲು ಕೇಳಬೇಕು.

ನಾನು ಬಂದದ್ದು ಬೇರೆ ಮಾತಿಗೆ. ನೆಲ ಯಾವುದು? ಶಹಾಬಾದ್ ಕಲ್ಲೇ ಇರಬೇಕು. ಗೋಡೆಗೆ ಕೆಳಗೆ ನಾಲ್ಕಡಿ ಆಯಿಲ್ ಪೇಂಟ್ ಇದೆಯಾ, ಚಾಕೊಲೇಟ್ ಬಣ್ಣದ್ದು? ಇವೊ ತಾನಾಗಿ ಸೀಲಿಂಗಿಗೆ 70, ಗೋಡೆಗೆ 50, ನೆಲಕ್ಕೆ 20 ಪರ್ಸೆಂಟ್ ಬೆಳಕು ವಾಪಸ್ ಬರುತ್ತೆ ಅಂತ ಹಿಡಿಯುತ್ತೆ. ಆಯಿಲ್ ಪೇಂಟ್ ಗೋಡೆ 50 ಕೊಡಲ್ಲ. ಗೋಡೆಗೆ ಒರಗಿಸಿದ ಪುಸ್ತಕದ ರ‍್ಯಾಕ್ ಅಂತೂ ಬೆಳಕು ನುಂಗುತ್ತೆ. ರ‍್ಯಾಕ್ ಮಾಡೆಲ್‌ನಲ್ಲಿ ಹಾಕಿದ್ದೀರಾ, ಖಾಲಿ ಕೋಣೆಗೆ ಲೆಕ್ಕ ಮಾಡಿದ್ದೀರಾ?

ಕಲ್ಲಿನದ್ದು ಎಷ್ಟು ಅಂತ ಊಹೆ ಬೇಡ, ಅಳೆಯಬಹುದು. ಮೀಟರ್ ಹೇಗೂ ತರುತ್ತೀರಲ್ಲ. ಸ್ಟೇಷನರಿ ಅಂಗಡಿಯಿಂದ ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ತನ್ನಿ, ಅದು ಸುಮಾರು 80 ಪರ್ಸೆಂಟ್ ವಾಪಸ್ ಕೊಡುತ್ತೆ. ಶೀಟನ್ನು ನೆಲಕ್ಕೆ ಹಾಸಿ, ಮೀಟರಿನ ಬಿಳಿ ಗುಂಡನ್ನು ಕೆಳಮುಖ ಮಾಡಿ ಒಂದು ಗೇಣು ಮೇಲೆ ಹಿಡಿದು ಅಂಕಿ ಬರೆದುಕೊಳ್ಳಿ. ಶೀಟ್ ತೆಗೆದು ಅದೇ ಜಾಗದಲ್ಲಿ ಬರೀ ಕಲ್ಲಿಗೆ ಹಿಡಿಯಿರಿ. ನಮ್ಮ ಮನೆ ಪಡಸಾಲೆಯಲ್ಲಿ ಶೀಟಿಗೆ 92 ಬಂತು, ಕಲ್ಲಿಗೆ 21. 21 ಭಾಗಿಸು 92 ಇಂಟು 0.8, ಹತ್ತಿರ ಹತ್ತಿರ 0.18. ಅದು ಹಳೆಯ ಕಲ್ಲು, ವರ್ಷಗಟ್ಟಲೆ ಎಣ್ಣೆ-ನೀರು ಕುಡಿದದ್ದು. ಹೊಸ ಕಲ್ಲು ಬೇರೆ ಇರುತ್ತೆ, ಪಾಲಿಶ್ ಬೇರೆ ಇರುತ್ತೆ. ಗೋಡೆಗೂ ಹೀಗೇ ಮಾಡಿ.

ಯಾದಗಿರಿ_ಆರ್ಕಿಟೆಕ್ಟ್:

ರಾತ್ರಿ ಲೆಕ್ಕ ಮೇಲಿನವರು ಹೇಳಿದ್ದಾರೆ. ನಾನು ಹಗಲಿನ ಬಗ್ಗೆ ಬರೆಯುತ್ತೇನೆ, ಇದರಲ್ಲಿ ನನಗೆ ತುಂಬಾ ಆಸಕ್ತಿ.

ಇವೊದಲ್ಲಿ ಆಕಾಶ ಮೂರು ಥರ ಆರಿಸಬಹುದು, ಮೋಡ ಕವಿದದ್ದು, ಮಧ್ಯಮ, ಶುಭ್ರ. ಹೊರಗಿನ ಬೆಳಕಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತೆ ಅಂತ ಡೇಲೈಟ್ ಫ್ಯಾಕ್ಟರ್ ಅನ್ನೋ ಒಂದು ಅಂಕಿ ಕೊಡುತ್ತಲ್ಲ, ಅದು ಯಾವಾಗಲೂ ಮೋಡ ಕವಿದ ಆಕಾಶಕ್ಕೆ. ಆ ಆಕಾಶ ಎಲ್ಲ ದಿಕ್ಕಿಗೂ ಒಂದೇ. ಅಂದರೆ ನಿಮ್ಮ ಪಶ್ಚಿಮದ ಕಿಟಕಿಯನ್ನು ತಿರುಗಿಸಿ ಪೂರ್ವಕ್ಕಿಟ್ಟರೂ ಉತ್ತರಕ್ಕಿಟ್ಟರೂ ಆ ಅಂಕಿ ಬದಲಾಗಲ್ಲ. ಉತ್ತರ ಯುರೋಪಿನ ಚಳಿಗಾಲಕ್ಕೆ ಅದು ಸರಿ. ಏಪ್ರಿಲ್ ತಿಂಗಳು ಮಧ್ಯಾಹ್ನ ನಾಲ್ಕಕ್ಕೆ ಕಲಬುರಗಿಯ ಪಶ್ಚಿಮದ ಕಿಟಕಿ ಹತ್ತಿರ ಕೂತವರಿಗೆ ಕೇಳಿ ನೋಡಿ. ಆ ಹೊತ್ತಿಗೆ ಕರ್ಟನ್ ಎಳೆದಿರುತ್ತಾರೆ, ಒಳಗೆ ಕತ್ತಲಾಗಿ ಲೈಟ್ ಹಾಕಿರುತ್ತಾರೆ. ಡೇಲೈಟ್ ಫ್ಯಾಕ್ಟರ್ ಕಾಗದದ ಮೇಲೆ ಚೆನ್ನಾಗೇ ಇರುತ್ತೆ.

ಉತ್ತರದ ಕಿಟಕಿಗೂ ಬಿಸಿಲು ಬರಲ್ಲ ಅಂದುಕೊಳ್ಳಬೇಡಿ. ಕಲಬುರಗಿ 17.3 ಡಿಗ್ರಿ ಉತ್ತರದಲ್ಲಿದೆ. ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ಮೊದಲ ವಾರದಲ್ಲಿ ವಾಪಸ್ ಬರುತ್ತಾನೆ. ಜೂನ್ 21ಕ್ಕೆ ಮಧ್ಯಾಹ್ನವೂ ನೆತ್ತಿಯಿಂದ 6 ಡಿಗ್ರಿ ಉತ್ತರದಲ್ಲೇ ಇರುತ್ತಾನೆ. ನಡು ಮಧ್ಯಾಹ್ನ ಸಣ್ಣ ಛಜ್ಜಾ ಸಾಕು, ಬೆಳಿಗ್ಗೆ ಸಂಜೆಯ ಓರೆ ಬಿಸಿಲಿಗೆ ಸಾಲಲ್ಲ. ಇವೊದಲ್ಲಿ ಊರು, ಉತ್ತರ ದಿಕ್ಕು ಸರಿಯಾಗಿ ಇಟ್ಟು, ಶುಭ್ರ ಆಕಾಶ ಆರಿಸಿ, ನೇರ ಬಿಸಿಲು ಸೇರಿಸಿ, ಮೇ 10, ಜೂನ್ 21, ಡಿಸೆಂಬರ್ 21, ಈ ಮೂರು ದಿನಕ್ಕೆ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಅಂತ ಲೈಟ್ ಸೀನ್ ಮಾಡಿ. ಒಂಬತ್ತು ಚಿತ್ರ ಬರುತ್ತೆ. ಯಾವ ಸಾಲಿನ ಲೈಟ್ ಆರಿಸಬಹುದು ಅಂತ ಅಷ್ಟರಲ್ಲೇ ಅರ್ಧ ಗೊತ್ತಾಗುತ್ತೆ.

ಪೂರ್ತಿ ವರ್ಷದ ಲೆಕ್ಕ ಬೇಕು ಅಂದರೆ ರೇಡಿಯನ್ಸ್ ಅನ್ನೋ ಬೆಳಕಿನ ಲೆಕ್ಕದ ಸಾಫ್ಟ್‌ವೇರ್ ಎಂಜಿನ್ ಮೇಲೆ ಕೂತ ಉಪಕರಣಗಳು ಇವೆ, ಕ್ಲೈಮೇಟ್‌ಸ್ಟುಡಿಯೊ, ಹನಿಬೀ ಇಂಥವು. ರೇಡಿಯನ್ಸ್ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬಿನಲ್ಲಿ 1980ರ ದಶಕದಲ್ಲಿ ಗ್ರೆಗ್ ವಾರ್ಡ್ ಬರೆದದ್ದು, ಈಗಲೂ ಉಚಿತ. ಇವಕ್ಕೆ ಹವಾಮಾನ ಫೈಲ್ ಬೇಕು, ಹೈದರಾಬಾದಿನದ್ದು ಸಿಗುತ್ತೆ, ನಮ್ಮ ಕಡೆಗೆ ಅದು ನಡೆಯುತ್ತೆ. ವರ್ಷದ ಓದುವ ಹೊತ್ತಿನಲ್ಲಿ ಅರ್ಧದಷ್ಟು ಗಂಟೆ 300 ಲಕ್ಸ್ ಸಿಗುವ ನೆಲ ಎಷ್ಟು, ಮತ್ತೆ ನೇರ ಬಿಸಿಲು 1000 ಲಕ್ಸ್ ದಾಟಿ 250 ಗಂಟೆಗಿಂತ ಜಾಸ್ತಿ ಬೀಳುವ ನೆಲ ಎಷ್ಟು, ಎರಡನ್ನೂ ಹೇಳುತ್ತೆ. ಎರಡನೆಯದು ನಮಗೆ ಮುಖ್ಯ. ಟೇಬಲ್ ಎಲ್ಲಿ ಇಡಬಾರದು ಅಂತ ಅದು ತೋರಿಸುತ್ತೆ.

ಹೊಸ ವಿದ್ಯಾರ್ಥಿಗಳಿಗೆ ನಾನು ಒಂದು ಕೆಲಸ ಹೇಳುತ್ತೇನೆ. ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಹೋಗಿ. 1367ರದ್ದು, ನಡುವೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿ. ಬೆಳಕು ಹೆಚ್ಚಾಗಿ ಹೊರಸಾಲಿನ ಅಗಲ ಕಮಾನುಗಳಿಂದ ಬರುತ್ತೆ. ಕಮಾನಿನ ಕೆಳಗೆ ಮೀಟರ್ ಹಿಡಿದು ಶುರು ಮಾಡಿ, ಒಂದೊಂದೇ ಕಂಬದ ಸಾಲು ದಾಟಿ ಒಳಗೆ ನಡೆಯಿರಿ, ಅಂಕಿ ಹೇಗೆ ಇಳಿಯುತ್ತೆ ನೋಡಿ. ಪಕ್ಕದ ಕಿಟಕಿಯ ಬೆಳಕು ಎಷ್ಟು ಒಳಗೆ ಹೋಗುತ್ತೆ ಅನ್ನೋದು ಆ ನಡಿಗೆಯಲ್ಲಿ ಗೊತ್ತಾದಷ್ಟು ಕ್ಲಾಸಿನಲ್ಲಿ ಗೊತ್ತಾಗಲ್ಲ.

ಜೇವರ್ಗಿ_ರೋಡ್:

ಮೂರು ದಿನ ಆಯ್ತು, ಎಲ್ಲ ಅಳೆದೆ.

ಲಕ್ಸ್ ಮೀಟರಿನಲ್ಲಿ 20 ಕಡೆಯ ಸರಾಸರಿ 385. ಮೀಟರ್ ಬೋರ್ಡ್ 3200ರದ್ದು. ನಾನೂ ವಾಚ್‌ಮನ್ ಕಾಕಾನೂ ಇಬ್ಬರೂ ಎಣಿಸಿದೆವು, ಮೂರು ಸಲವೂ ನಿಮಿಷಕ್ಕೆ 29. 36 ವ್ಯಾಟ್ ಇದ್ದಿದ್ದರೆ 38 ಬರಬೇಕಿತ್ತು. 29 ಅಂದರೆ ಒಟ್ಟು 544 ವ್ಯಾಟ್, ಒಂದು ಪ್ಯಾನೆಲ್‌ಗೆ 27. ಕಾಕಾ ಕೈಯಲ್ಲಿ ಟಾರ್ಚ್ ಹಿಡಿದುಕೊಂಡು, "ಮತ್ತ ಉಳಿದ ಒಂಬತ್ತು ಯಾರ ಮನ್ಯಾಗ ಉರೀತಾವ?" ಅಂದರು.

ಗೋಡೆ ಸರಾಸರಿ 30 ಪರ್ಸೆಂಟ್ ಬಂತು, ನೆಲ 18. ರ‍್ಯಾಕ್ ನಾನು ಮಾಡೆಲ್‌ನಲ್ಲಿ ಹಾಕಿರಲಿಲ್ಲ. ಈಗ ಎಲ್ಲ ಸರಿಮಾಡಿ, 27 ವ್ಯಾಟಿನ ಪ್ಯಾನೆಲ್‌ಗೆ ವ್ಯಾಟಿಗೆ 90ರಂತೆ 2430 ಲ್ಯೂಮೆನ್ ಅಂತ ಇಟ್ಟು, ಮೇಂಟೆನೆನ್ಸ್ ಫ್ಯಾಕ್ಟರ್ 1 ಮಾಡಿ ಓಡಿಸಿದೆ. ಇವೊ 402 ಅಂತು. ಮೀಟರ್ 385. ಇಷ್ಟು ಹತ್ತಿರ ಬರುತ್ತೆ ಅಂತ ನಾನು ಎಣಿಸಿರಲಿಲ್ಲ.

ಧೂಳಿನ ರಸ್ತೆ ಪಕ್ಕ ಅಲ್ವಾ, 0.7 ಹಾಕಿ ನೋಡಿದೆ. 281. ಧೂಳು ಕೂತು ಪ್ಯಾನೆಲ್ ಹಳೆಯದಾದ ಮೇಲೆ ಆ ಹುಡುಗರು 281 ಲಕ್ಸ್‌ನಲ್ಲಿ ಕೂತು ಓದಬೇಕಿತ್ತು.

ಬೀದರ್_ಎಲೆಕ್ಟ್ರಿಕಲ್:

ಚೆನ್ನಾಗಿ ಅಳೆದಿದ್ದೀಯ. ಈಗ ಡೀಲರ್ ಹತ್ತಿರ ಹೋಗು, ಜಗಳ ಬೇಡ, ನಿಮಿಷಕ್ಕೆ 29 ಅನ್ನೋದನ್ನು ಅವರ ಎದುರೇ ಎಣಿಸಿ ತೋರಿಸು. ನಿಜವಾದ 36 ವ್ಯಾಟಿನ, 3600 ಲ್ಯೂಮೆನ್ನಿನ, ಫೈಲ್ ಇರುವ ಪ್ಯಾನೆಲ್ ಕೇಳು. ನಿನ್ನ ಈಗಿನ ಮಾಡೆಲ್ ಪ್ರಕಾರ 20ಕ್ಕೆ 0.7ರಲ್ಲಿ ಸುಮಾರು 417 ಬರುತ್ತೆ. 500 ಮುಟ್ಟಲಿಕ್ಕೆ 24 ಬೇಕು. ಎರಡು ತಿಂಗಳಿಗೊಮ್ಮೆ ಪ್ಯಾನೆಲ್ ಒರೆಸುತ್ತೇವೆ ಅಂತ ಮಾಲೀಕರು ಒಪ್ಪಿದರೆ 0.8ಕ್ಕೆ ಲೆಕ್ಕ ಹಾಕಬಹುದು, ಆಗ 21 ಸಾಕು.

ಶಹಾಬಾದ್_ಕಲ್ಲು:

ಆಯಿಲ್ ಪೇಂಟ್ ಮೇಲೆ ತಿಳಿ ಬಣ್ಣ ಹೊಡೆಸಿದರೆ ಒಂದು ಪ್ಯಾನೆಲ್ಲಾದರೂ ಕಡಿಮೆ ಸಾಕಾಗಬಹುದು, ಮಾಡೆಲ್‌ನಲ್ಲಿ ಗೋಡೆ 60 ಇಟ್ಟು ನೋಡಿ. ಇಎನ್ 12464-1ರ 2021ರ ಆವೃತ್ತಿಯಲ್ಲಿ ಗೋಡೆ, ಸೀಲಿಂಗ್ ಮೇಲೆ ಎಷ್ಟು ಬೆಳಕು ಬೀಳಬೇಕು ಅಂತಲೂ ಬರೆದಿದ್ದಾರೆ. ಟೇಬಲ್ ಮಾತ್ರ ಬೆಳಗಿ ಸುತ್ತ ಗೋಡೆ ಕಪ್ಪಗಿದ್ದರೆ ಕಣ್ಣು ಬೇಗ ದಣಿಯುತ್ತೆ. ಹುಡುಗರ ಕಣ್ಣು ನೋವಿಗೆ ಅದೂ ಕಾರಣ ಇರಬಹುದು.

ಜೇವರ್ಗಿ_ರೋಡ್:

ಮಾಲೀಕರಿಗೆ ಹಳೆಯ ಚಿತ್ರ, ಹೊಸ ಚಿತ್ರ ಎರಡೂ ಪಕ್ಕಪಕ್ಕ ಇಟ್ಟು ತೋರಿಸಿ, ಫೈಲ್ ತಪ್ಪು ನಂದೇ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಬಣ್ಣಕ್ಕೆ ಒಪ್ಪಿದರು. ಡೀಲರ್ ಪ್ಯಾನೆಲ್ ಬದಲಿಸಿ ಕೊಡುತ್ತಾರಂತೆ, ಫೈಲ್ ಕೈಗೆ ಬಂದ ಮೇಲೇ ಬೋಲ್ಟ್ ಬಿಚ್ಚುತ್ತೇನೆ. ಒಂಬತ್ತು ಸೀನ್‌ಗಳಲ್ಲಿ ಪಶ್ಚಿಮದ ಕಿಟಕಿಯ ಪಕ್ಕದ ಸಾಲಿಗೆ ಮೇ 10ರ ಸಂಜೆ 4ಕ್ಕೆ ಬಿಸಿಲು ನೇರ ಪುಸ್ತಕದ ಮೇಲೆ ಬೀಳುತ್ತಿದೆ. ಆ ಸಾಲಿನ ಟೇಬಲ್ ತೆಗೆದು ಅಲ್ಲಿ ರ‍್ಯಾಕ್ ಇಡುತ್ತಿದ್ದೇವೆ. ಭಾನುವಾರ ಹುಡುಗರಿಗೆ ರಜೆ, ಅವತ್ತು ಸರಿಸಿ, ರಾತ್ರಿ ಮತ್ತೆ 20 ಕಡೆ ಅಳೆದು ಇಲ್ಲಿ ಹಾಕುತ್ತೇನೆ.